ಗೂಗಲ್ ಇದ್ರೂ ಲೈಬ್ರರಿಯನ್ ಯಾಕ?

ಮಗಳು ಲೈಬ್ರರಿ ಸೈನ್ಸ್ ಓದ್ತಾಳ ಅಂದ್ರ ನಮ್ಮ ಬಳಗದಾಗ ಒಬ್ಬೊಬ್ಬರು ಒಂದೊಂದು ನಮೂನಿ ಮಾರಿ ಮಾಡ್ತಾರ. "ಪುಸ್ತಕದ ಧೂಳ ಝಾಡಸ್ಲಿಕ್ಕೆ ಡಿಗ್ರಿ ಬೇಕೇನವಾ?" ಅಂತ ಒಬ್ಬರು. "ಗೂಗಲ್ ಅದ, ಈಗಂತೂ ಎಐ ಬಂದದ, ಇನ್ನ ಹತ್ತು ವರ್ಷಕ್ಕ ಲೈಬ್ರರಿಯನ್ ಅನ್ನೋ ನೌಕರೀನ ಇರಂಗಿಲ್ಲ" ಅಂತ ಇನ್ನೊಬ್ಬರು.

ನೌಕರಿ ಚಿಂತಿ ನನಗೂ ಅದ, ಸುಳ್ಳ್ಯಾಕ ಹೇಳ್ಲಿ. ಆದ್ರ ಭವಿಷ್ಯದ ಮಾತು ಬಂದ ಮ್ಯಾಲೆ ಭವಿಷ್ಯ ಬರಿಯೋದನ್ನ ಕಸುಬು ಮಾಡ್ಕೊಂಡೋರನ್ನ ಕೇಳಬೇಕಲ್ರಿ? ಅಂದ್ರ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಬರಿಯೋರನ್ನ. ನಮ್ಮ ಮನ್ಯಾಗ ಆ ಪುಸ್ತಕ ಮಗಳ ಕೈಯಿಂದ ನನ್ನ ಕೈಗೆ ಬರ್ತಾವ. ಮಧ್ಯಾಹ್ನ ಊಟದ ಭಾಂಡಿ ತೊಳದಿಟ್ಟ ಮ್ಯಾಲೆ ಒಂದು ತಾಸು ನನ್ನ ಓದು. ಓದ್ತಾ ಓದ್ತಾ ಒಂದು ಮಾತು ಲಕ್ಷ್ಯಕ್ಕ ಬಂತು. ಈ ಮಂದಿ ಚುಕ್ಕಿಯಿಂದ ಚುಕ್ಕಿಗೆ ಹಾರೋ ಹಡಗ ಕಟ್ಟ್ಯಾರ, ಮಾತಾಡೋ ಯಂತ್ರ ಮಾಡ್ಯಾರ, ಕೈಯಾಗ ಮಂತ್ರದಂಡ ಕೊಟ್ಟಾರ. ಅಷ್ಟೆಲ್ಲಾ ಮಾಡಿದ ಮ್ಯಾಲೂ ಎಷ್ಟೋ ಕಥಿಯೊಳಗ ಲೈಬ್ರರಿಯನ್ನ ಜಾಗಾ ಮಾತ್ರ ಹಂಗ ಇಟ್ಟಾರ.

ನನಗ ಎಲ್ಲಾರಕಿಂತ ಸೇರಿದಂವ ಟೆರ್ರಿ ಪ್ರ್ಯಾಚೆಟ್ ಅವರ 'ಡಿಸ್ಕ್‌ವರ್ಲ್ಡ್' ಸರಣಿಯ ಲೈಬ್ರರಿಯನ್. ಅಲ್ಲೆ ಮಾಂತ್ರಿಕರ ಒಂದು ವಿಶ್ವವಿದ್ಯಾಲಯ ಅದ. 1986ರಾಗ ಬಂದ ಎರಡನೇ ಪುಸ್ತಕದಾಗ ಮಂತ್ರದ ಗ್ರಂಥದ ಶಕ್ತಿ ಸಿಡಿದು ಅಂವ ಓರಾಂಗುಟಾನ್ ಆಗಿಬಿಡ್ತಾನ. ಮುಂದ, ತಿರುಗಿ ಮನಷ್ಯಾ ಆಗೋದು ಅಂವಗ ಬ್ಯಾಡೇ ಬ್ಯಾಡ. ಉದ್ದನ್ನ ಕೈ, ಹಿಡಿಲಿಕ್ಕೆ ಬರೋ ಕಾಲು. ಎಷ್ಟ ಎತ್ತರದ ಕಪಾಟಿದ್ರೂ ನಿಚ್ಚಣಿಕಿ ಬೇಕಿಲ್ಲ! ಆಡೋ ಮಾತು 'ಊಕ್' ಒಂದ. ಅದರೊಳಗ ಅಂವ ಏನಂದ ಅನ್ನೋದು ಸುತ್ತಲಿದ್ದೋರಿಗೆಲ್ಲಾ ತಿಳೀತದ. ಪೇಪರ್ ಓದ್ಕೋತ ನಮ್ಮನಿಯವರು ಅನ್ನೋ 'ಹೂಂ' ಒಳಗ ಯಾವುದು ಒಪ್ಪಿಗಿ, ಯಾವುದು ಬ್ಯಾಸರ ಅಂತ ನನಗ ತಿಳೀತದಲ್ಲ, ಹಂಗ. ಅಂವಗ ಮಂಗ್ಯಾ ಅಂದ್ರ ಮಾತ್ರ ಸಿಟ್ಟು ನೆತ್ತಿಗೇರ್ತದ. ನಗಿಚಾಟಿಕಿ ಬದಿಗಿಟ್ಟು ನೋಡಿದ್ರ, ತನ್ನ ರೂಪ ಹೋದ್ರೂ ಹೋಗ್ಲಿ, ಕೆಲಸಕ್ಕ ಅನುಕೂಲ ಆತು ಅಂತ ಸಮಾಧಾನ ಪಡೋ ಪ್ರಾಣಿ ಅದು.

ಎಲ್ಲಾರೂ ಹಿಂಗ ಪ್ರೀತಿ ಹುಟ್ಟಸ್ತಾರ ಅಂತಲ್ಲ. ಹ್ಯಾರಿ ಪಾಟರ್ ಕಥಿಯ ಮೇಡಂ ಪಿನ್ಸ್ ಅವರನ್ನ ನೋಡ್ರಿ. ಹದ್ದಿನಂಥಾ ಮಾರಿ, ಹುಡುಗರು ಪುಸ್ತಕ ಮುಟ್ಟಿದ್ರ ಜೀವ ಹೋದಂಗ ಮಾಡ್ತಾರ. ನಿಷೇಧಿತ ವಿಭಾಗದ ಪುಸ್ತಕ ಬೇಕಂದ್ರ ಮಾಸ್ತರರ ಸಹಿ ಚೀಟಿ ತರಬೇಕು. ನಮ್ಮ ಅಜ್ಜಿ ಮಡಿಯೊಳಗ ಉಪ್ಪಿನಕಾಯಿ ಭರಣಿ ಕಾಯೋದು ಹಿಂಗನ ಇತ್ತು. ಬೇಕಾದಷ್ಟು ಬಡಸ್ತಿದ್ಲು, ಆದ್ರ ಭರಣಿಗೆ ನಾವು ಕೈ ಹಚ್ಚೋ ಹಂಗಿಲ್ಲ. ಕಾಯೋದ್ರಾಗ ಅರ್ಥ ಇಲ್ಲ ಅನ್ಲಿಕ್ಕೂ ಬರಂಗಿಲ್ಲ. ಮೊದಲನೇ ಪುಸ್ತಕದಾಗ ಹ್ಯಾರಿ ರಾತ್ರಿ ಕದ್ದು ಹೋಗಿ ಅಲ್ಲಿದ್ದ ಪುಸ್ತಕ ಒಂದನ್ನ ತಗದ್ರ ಅದು ಕಿಟಾರನೆ ಕಿರುಚ್ತದ.

ನನಗ ಹೆಚ್ಚಿಗಿ ಹೆದರಿಕಿ ಹುಟ್ಟಿಸಿದಾಕಿ ಬ್ಯಾರೇನ. 2002ರಾಗ ಬಂದ ಸ್ಟಾರ್ ವಾರ್ಸ್ ಸಿನಿಮಾ 'ಅಟ್ಯಾಕ್ ಆಫ್ ದ ಕ್ಲೋನ್ಸ್' ಒಳಗ ಜೋಕಾಸ್ಟಾ ನೂ ಅಂತ ವಯಸ್ಸಾದ ಗ್ರಂಥಪಾಲಕಿ ಬರ್ತಾಳ. ನಾಯಕ ಒಂದು ಗ್ರಹದ ಹೆಸರು ಹೇಳಿ ಎಲ್ಲೆ ಅದ ಅಂತ ಕೇಳ್ತಾನ. ನಮ್ಮ ದಾಖಲೆಯೊಳಗ ಇಲ್ಲ, ಅಂದ್ರ ಅಂಥಾ ಗ್ರಹನ ಇಲ್ಲ ಅಂತ ಹೇಳಿ ಆಕಿ ನಡೀತಾಳ. ಖರೇ ನೋಡಿದ್ರ ಗ್ರಹ ಇದ್ದಲ್ಲೇ ಅದ, ಯಾರೋ ಅದರ ಹೆಸರನ್ನ ದಾಖಲೆಯಿಂದ ಒರಸ್ಯಾರ. ಅದನ್ನ ಹೇಳೋದು ಯಾರು? ಕ್ಲಾಸಿನ್ಯಾಗ ಕೂತ ಒಂದು ಸಣ್ಣ ಕೂಸು! ಲಿಸ್ಟಿನ್ಯಾಗ ನಿಮ್ಮ ಹೆಸರಿಲ್ಲ ಅಂತ ಕಚೇರಿ ಕಿಡಕಿಯಿಂದ ವಾಪಸ್ ಬಂದೋರಿಗೆ ಈ ಸಿನ್ ಹೊಟ್ಟ್ಯಾಗ ಚುರ್ ಅನಸ್ತದ. ಕಂಪ್ಯೂಟರ್ 'ಇಲ್ಲ' ಅಂದದ್ದನ್ನ ತಾನೂ ತಿರುಗಿ 'ಇಲ್ಲ' ಅನ್ಲಿಕ್ಕೆ ಮನಷ್ಯಾರು ಬೇಕಿಲ್ಲ. ಇಲ್ಲ ಅಂತ ಯಾಕ ತೋರಸ್ತದ ಅಂತ ಕೇಳೋರು ಬೇಕು. ಮಗಳಿಗೆ ನಾ ಹೇಳೋದೂ ಇಷ್ಟ, ಆ ಕೂಸಿನಂಗ ಇರವಾ.

ಗೂಗಲ್ ಮಾತಿಗೆ ಉತ್ತರ ಮಾತ್ರ ಗೂಗಲ್ ಹುಟ್ಟೋದ್ರ ಭಾಳ ಮೊದಲ ಬರದಿಟ್ಟದ. ಅರ್ಜೆಂಟೀನಾದ ಹೋರ್ಹೆ ಲೂಯಿಸ್ ಬೋರ್ಹೆಸ್ ಬ್ಯೂನಸ್ ಐರಿಸ್‌ನ ನಗರಸಭೆ ಲೈಬ್ರರಿಯೊಳಗ ನೌಕರಿ ಮಾಡ್ತಿದ್ದಾಗ, 1941ರಾಗ ಅವರ 'ಬೇಬೆಲ್ ಗ್ರಂಥಾಲಯ'ದ ಕಥಿ ಬಂತು. ಆ ಲೈಬ್ರರಿಗೆ ತುದಿ ಮೊದಲಿಲ್ಲ. ಒಂದೊಂದು ಪುಸ್ತಕಕ್ಕ 410 ಪುಟ. ಅಕ್ಷರ ಎಷ್ಟ ನಮೂನಿ ಜೋಡಸ್ಲಿಕ್ಕೆ ಬರ್ತದೋ ಅಷ್ಟೂ ಪುಸ್ತಕ ಅಲ್ಲೆ ಅವ. ಅಂದ್ರ ಖರೇ ಮಾತಿನ ಪುಸ್ತಕನೂ ಅದ, ಅದನ್ನ ಸುಳ್ಳು ಮಾಡೋ ಸಾವಿರ ಪುಸ್ತಕನೂ ಅವ. ಲೈಬ್ರರಿಯನ್ನರು ಜನ್ಮಪೂರ್ತಿ ಹುಡುಕ್ಯಾಡಿ ಸಾಯ್ತಾರ, ಅರ್ಥ ಆಗೋ ಒಂದು ಸಾಲು ಸಿಕ್ರ ಅದ ದೊಡ್ಡದು. ಮುಂದ 1955ರಾಗ ಬೋರ್ಹೆಸ್ ತಮ್ಮ ದೇಶದ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರಾದ್ರು. ಆ ಹೊತ್ತಿಗೆ ಅವರಿಗೆ ಕಣ್ಣ ಕಾಣೋದು ಹೆಚ್ಚುಕಮ್ಮಿ ನಿಂತಿತ್ತು.

ನಮ್ಮನಿ ಅಟ್ಟನೂ ಸಣ್ಣ ಬೇಬೆಲ್. ಎಲ್ಲಾ ಅದ, ಹುಡುಕಿದ್ರ ಒಂದೂ ಸಿಗಂಗಿಲ್ಲ. ಗೌರಿ ಹುಣ್ಣಿಮಿಗೆ ಸಕ್ಕರಿ ಆರತಿ ಅಚ್ಚು ಬೇಕಂದ್ರ ನಾವು ನಾಕು ಮಂದಿ ಹತ್ತಿ ಇಳೀತೀವಿ. ನಮ್ಮ ಅತ್ತ್ಯಾರು ಕೂತಲ್ಲಿಂದನ, "ಹಿತ್ತಾಳಿ ಕೊಡದ ಹಿಂದಿನ ಡಬ್ಬಿಯೊಳಗ ನೋಡ್ರಿ, ಹಳೇ ಸೀರಿ ಸುತ್ತೇನಿ" ಅಂತಾರ. ಸಾಮಾನು ಹೆಚ್ಚಾದಷ್ಟೂ ಅತ್ತ್ಯಾರ ಬೆಲೆ ಹೆಚ್ಚಾಗ್ತದ, ಕಡಿಮಿ ಆಗಂಗಿಲ್ಲ. ನಮ್ಮ ದೇಶದಾಗ ಗ್ರಂಥಾಲಯ ವಿಜ್ಞಾನ ಕಟ್ಟಿದ ಎಸ್. ಆರ್. ರಂಗನಾಥನ್ ಅವರು 1931ರಾಗ ಐದು ಸೂತ್ರ ಕೊಟ್ಟರು. ಓದುಗನ ವ್ಯಾಳ್ಯಾ ಉಳಸಬೇಕು ಅನ್ನೋದು ಅದರೊಳಗ ಒಂದು. ಅವರೂ ಮೊದಲ ಗಣಿತದ ಮಾಸ್ತರು. ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದ ಹೊಸದರಾಗ ಬ್ಯಾಸತ್ತು, ಪಾಠಕ್ಕನ ವಾಪಸ್ ಹೋಗ್ತೀನಿ ಅಂತ ಹೊಂಟಿದ್ರಂತ. ಅಂಥೋರು ಕಡೀಕ ಬೆಂಗಳೂರಿಗೆ ಬಂದು 1962ರಾಗ ಇದನ್ನ ಕಲಸೋ ಕೇಂದ್ರ ಕಟ್ಟಿದ್ರು.

ಮಗಳು ಈ ದಾರಿ ಹಿಡಿಲಿಕ್ಕೆ ರಂಗನಾಥನ್ ಕಾರಣ ಅಲ್ಲ, ಲಿರಿಯೆಲ್ ಕಾರಣ. ಗಾರ್ತ್ ನಿಕ್ಸ್ ಅನ್ನೋ ಆಸ್ಟ್ರೇಲಿಯಾದ ಲೇಖಕರು 2001ರಾಗ ಬರದ ಕಾದಂಬರಿ ಅದು. ಲಿರಿಯೆಲ್ ಬಳಗದಾಗ ಹುಡುಗ್ಯಾರಿಗೆಲ್ಲಾ ಮುಂದಾಗೋದನ್ನ ಕಾಣೋ ದೃಷ್ಟಿ ಬರ್ತದ. ಆಕಿಗೆ ಹದಿನಾಕು ತುಂಬಿದ್ರೂ ಬಂದಿಲ್ಲ. ಸಣ್ಣ ಸಣ್ಣ ಕೂಸುಗೋಳು ತನ್ನ ದಾಟಿ ಹೋಗೋದನ್ನ ನೋಡಿ ನೋಡಿ ಬದುಕ ಬ್ಯಾಡ ಅನ್ನೋ ಮಟ್ಟಕ್ಕ ಬರ್ತಾಳ. ಆಗ ದೊಡ್ಡೋರು ಆಕಿಗೆ ಲೈಬ್ರರಿಯೊಳಗ ಮೂರನೇ ಸಹಾಯಕಿ ಕೆಲಸ ಕೊಡ್ತಾರ. ಹಳದಿ ಜಾಕೀಟು, ಒಂದು ಸೀಟಿ, ಗಂಡಾಂತರ ಬಂದ್ರ ಓಡಿಹೋಗಿ ಸುದ್ದಿ ಮುಟ್ಟಸೋ ಕೀಲಿ ಇಲಿ. ಅಲ್ಲಿಂದ ಆಕಿ ಜೀವ ಹಿಡೀತದ. ಪಿಯುಸಿ ಮಾರ್ಕ್ಸ್ ಬಂದ ವರ್ಷ, ಕಾಕಾನ ಮಕ್ಕಳೆಲ್ಲಾ ಇಂಜಿನಿಯರಿಂಗ್ ಸೀಟಿನ ಪೇಢೆ ಹಂಚ್ತಿದ್ದಾಗ, ನಮ್ಮಾಕಿ ಖೋಲಿ ಬಾಗಲಾ ಹಾಕ್ಕೊಂಡು ಈ ಪುಸ್ತಕ ಎರಡ ಸಲ ಓದಿದ್ಲು. ಆಗ ನಾ ಏನೂ ಕೇಳಿದ್ದಿಲ್ಲ. ಆಮ್ಯಾಲೆ ನಾನೂ ಓದಿದೆ, ತಿಳೀತು. ಬಿ.ಎ. ಮುಗೀತು, ಈಗ ಧಾರವಾಡದ ವಿಶ್ವವಿದ್ಯಾಲಯಕ್ಕ ಅರ್ಜಿ ಹಾಕ್ಯಾಳ.

ಕಡೀಕ ಒಂದು ಪುಸ್ತಕದ ಹೆಸರು ಹೇಳ್ತೀನಿ, ಅದು ನಮ್ಮಂಥಾ ಮನಿ ಮಂದಿದು. ಅಮೆರಿಕಾದ ಉರ್ಸುಲಾ ಲೆ ಗ್ವಿನ್ 2006ರಾಗ ಬರದ 'ವಾಯ್ಸಸ್'. ಊರನ್ನ ಗೆದ್ದ ಸೈನ್ಯಕ್ಕ ಬರವಣಿಗಿ ಅಂದ್ರ ಭೂತ ಪಿಶಾಚಿ ಇದ್ದಂಗ. ಸಿಕ್ಕ ಪುಸ್ತಕ ಎಲ್ಲಾ ನಾಶ ಮಾಡ್ತಾರ. ಒಂದು ದೊಡ್ಡ ಹಳೇ ಮನಿಯೊಳಗ ಮಾತ್ರ ಗುಪ್ತ ಖೋಲಿ ಅದ, ಗಾಳಿಯೊಳಗ ಅಕ್ಷರ ಬರದ್ರ ಬಾಗಲಾ ತಗೀತದ. ಮಂದಿ ತಮ್ಮ ಮನ್ಯಾಗ ಉಳದ ಒಂದೆರಡು ಪುಸ್ತಕಾನ ಜೀವ ಕೈಯಾಗ ಹಿಡ್ಕೊಂಡು ಅಲ್ಲಿಗೆ ತಂದು ಮುಟ್ಟಸ್ತಾರ. ಕಾಯೋರು ಇಬ್ಬರ: ಕಾಲು ಮುರಿಸಿಕೊಂಡ ಯಜಮಾನ, ಮೆಮರ್ ಅನ್ನೋ ಹುಡುಗಿ. ಪಗಾರಿಲ್ಲ, ಡಿಗ್ರಿ ಇಲ್ಲ.

ತೀರಿಕೊಂಡ ನಮ್ಮ ಮಾವನೋರದೂ ಒಂದು ಕಪಾಟು ಪುಸ್ತಕ ಅವ. ಹೋದ ವರ್ಷ ಬಣ್ಣಾ ಹಚ್ಚೋವಾಗ ರದ್ದಿಗೆ ಹಾಕೋಣು ಅನ್ನೋ ಮಾತು ಬಂದಿತ್ತು. ಮಗಳು ಹಳೇ ಜಮಾ-ಖರ್ಚಿನ ವಹಿ ತಗೊಂಡು ಒಂದೊಂದರದೂ ಹೆಸರು, ಬರದೋರು, ಇಸವಿ ಬರದಿಟ್ಲು. ಎರಡನೂರಾ ಹನ್ನೊಂದು ಅವ ಅಂತ ಆಗ ಗೊತ್ತಾತು. ಮೊನ್ನೆ ಬಾಜೂ ಮನಿ ಹುಡುಗ ಒಂದು ಕೇಳ್ಕೊಂಡು ಬಂದಿದ್ದ. ಕೊಟ್ಲು. ವಹಿಯ ಕಡೀ ಪುಟದಾಗ ಅವನ ಹೆಸರು, ತಾರೀಖು ಬರದಾಳ.