ಉಸಿರಿಗೊಂದು ಹೊಣೆ

ಮನುಷ್ಯನಿಗೆ ತನ್ನ ಹೊಟ್ಟೆಯ ನೆನಪು ದಿನಕ್ಕೆ ಮೂರು ಬಾರಿಯಾದರೂ ತಪ್ಪದೆ ಬರುತ್ತದೆ. ಶ್ವಾಸಕೋಶದ ನೆನಪು ಮಾತ್ರ ಅದು ಮುಷ್ಕರ ಹೂಡುವ ತನಕ ಬರುವುದಿಲ್ಲ. ಬರುವ ಇನ್ನೊಂದು ಸಂದರ್ಭವೂ ಉಂಟು. ವಿಮಾ ಏಜೆಂಟರು ನಡುಮನೆಯಲ್ಲಿ ಕುಳಿತು, ಕಾಫಿಯ ಲೋಟವನ್ನು ಬದಿಗಿಟ್ಟು, ಅರ್ಜಿಯ ಆರೋಗ್ಯದ ಪುಟವನ್ನು ತೆರೆಯುತ್ತಾರೆ. “ಅಸ್ತಮಾ, ಬ್ರಾಂಕೈಟಿಸ್, ಕ್ಷಯ, ಬಹುಕಾಲದ ಕೆಮ್ಮು, ಇವುಗಳಲ್ಲಿ ಯಾವುದಾದರೂ ಉಂಟೆ?” ಎಂದು ಅವರು ಓದುತ್ತಿದ್ದಂತೆಯೇ, ಅದುವರೆಗೆ ಹೇಗೋ ತಡೆದಿಟ್ಟಿದ್ದ ಕೆಮ್ಮು ಯಜಮಾನರ ಗಂಟಲಿನಿಂದ ಹೊರಬೀಳುತ್ತದೆ. ಬಾಗಿಲ ಮರೆಯಲ್ಲಿ ನಿಂತ ಮನೆಯಾಕೆ ಉತ್ತರಕ್ಕಾಗಿ ಕಿವಿಗೊಡುತ್ತಾರೆ. ಉತ್ತರವಾದರೋ ಎರಡೇ ಅಕ್ಷರದ್ದು: ‘ಹೌದು’ ಇಲ್ಲವೆ ‘ಇಲ್ಲ’.

ಶ್ವಾಸಕೋಶಕ್ಕೂ ವಿಮೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಜಾನ್ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯ ಉಸಿರನ್ನು ಅಳೆಯುವ ತನ್ನ ಸ್ಪೈರೋಮೀಟರ್ ಯಂತ್ರವನ್ನು ಕುರಿತು 1846ರಲ್ಲಿ ದೀರ್ಘವಾದ ಪ್ರಬಂಧವನ್ನು ಪ್ರಕಟಿಸಿದ. ನೀರಿನಲ್ಲಿ ಬೋರಲಾಗಿ ತೇಲುವ ಒಂದು ಪಾತ್ರೆ. ಕೊಳವೆಯಲ್ಲಿ ಊದಿದರೆ ಅದು ಮೇಲೇಳುತ್ತದೆ. ಎದ್ದಷ್ಟು ಎತ್ತರವೇ ಉಸಿರಿನ ಅಳತೆ. ನಾವಿಕರು, ಪೊಲೀಸರು, ನಿರ್ಗತಿಕರು, ಸಿರಿವಂತರು, ಹೀಗೆ ಎರಡು ಸಾವಿರಕ್ಕೂ ಹೆಚ್ಚು ಮಂದಿಯಿಂದ ಊದಿಸಿದ ಆತ, ಈ ಯಂತ್ರ ರೋಗವನ್ನು ಪತ್ತೆಮಾಡಲು ಮಾತ್ರವಲ್ಲದೆ ಜೀವವಿಮೆಯ ಅರ್ಜಿದಾರರನ್ನು ಪರೀಕ್ಷಿಸಲೂ ಒದಗೀತೆಂದು ಎಣಿಸಿದ್ದ. ಉಸಿರನ್ನು ಅಳೆಯುವ ಸಾಧನ ಹುಟ್ಟಿದಂದಿನಿಂದಲೇ ವಿಮೆಯ ಅಂಗಳದಲ್ಲಿ ಆಡಿದ ಕೂಸು.

ಆ ಕೂಸು ಈಗ ಬೆಳೆದು ಬೆಂಗಳೂರಿನ ಆಸ್ಪತ್ರೆಗಳ ಮೇಜಿನ ಮೇಲೆ ಕುಳಿತಿದೆ. ಬಸವನಗುಡಿಯ ಕಡೆಯ ಅಡುಗೆಯ ಭಟ್ಟರೊಬ್ಬರು ಅದರಲ್ಲಿ ಊದಬೇಕಾಗಿ ಬಂತು. ವಯಸ್ಸು ನಲವತ್ತಾರು. ಬೀಡಿ ಸಿಗರೇಟುಗಳನ್ನು ಮುಟ್ಟಿದವರಲ್ಲ. ಆದರೆ ಹದಿನಾರನೆಯ ವಯಸ್ಸಿನಿಂದ ಮದುವೆಯ ಮನೆಗಳ ಕೋಡಿ ಒಲೆಯ ಮುಂದೆ, ಹಸಿ ಸೌದೆಯ ಹೊಗೆಯಲ್ಲಿ, ಕೊಪ್ಪರಿಗೆಗಟ್ಟಲೆ ಸಾರು ಕುದಿಸಿದವರು. ಇತ್ತೀಚೆಗೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರು ಇದನ್ನು ಸಿಓಪಿಡಿ ಎಂದು ಕರೆದರು. ಶ್ವಾಸನಾಳಗಳು ಮೆಲ್ಲಮೆಲ್ಲನೆ ಕಿರಿದಾಗಿ, ಮತ್ತೆ ಪೂರ್ತಿಯಾಗಿ ಅಗಲವಾಗದ ಕಾಯಿಲೆ. ತಂಬಾಕಿನಂತೆಯೇ ಸೌದೆ ಬೆರಣಿಗಳ ಹೊಗೆಯೂ ಇದಕ್ಕೆ ಕಾರಣ. ಒಮ್ಮೆ ಬಂದು ವಾಸಿಯಾದ ಕ್ಷಯವೂ ಇಂಥ ಗುರುತನ್ನು ಬಿಟ್ಟುಹೋಗುವುದುಂಟು.

ಲೆಕ್ಕ ಹೀಗೆ: ತುಂಬ ಉಸಿರೆಳೆದು ರಭಸದಿಂದ ಊದಿದಾಗ ಹೊರಬರುವ ಗಾಳಿಯಲ್ಲಿ ನೂರಕ್ಕೆ 70 ಪಾಲಾದರೂ ಮೊದಲ ಸೆಕೆಂಡಿನಲ್ಲಿಯೇ ಬರಬೇಕು. ನಾಳಗಳನ್ನು ಹಿಗ್ಗಿಸುವ ಔಷಧವನ್ನು ಕೊಟ್ಟ ಮೇಲೂ ಅಷ್ಟು ಬಾರದಿದ್ದರೆ ರೋಗವುಂಟೆಂದು ಎಣಿಕೆ. ಬಳಿಕ, ಆ ಒಂದು ಸೆಕೆಂಡಿನ ಗಾಳಿಯನ್ನು ಅದೇ ವಯಸ್ಸಿನ, ಅದೇ ಎತ್ತರದ ಆರೋಗ್ಯವಂತನ ಗಾಳಿಯೊಡನೆ ಹೋಲಿಸುತ್ತಾರೆ. ನೂರಕ್ಕೆ 80 ಅಥವಾ ಅದಕ್ಕೂ ಮೇಲಿದ್ದರೆ ಸೌಮ್ಯ. 50ರಿಂದ 79ರವರೆಗೆ ಮಧ್ಯಮ. 30ರಿಂದ 49 ತೀವ್ರ. ಅದಕ್ಕೂ ಕೆಳಗೆ ಅತಿ ತೀವ್ರ. ಭಟ್ಟರದು 62.

ಮನೆಯಲ್ಲಿ ಓದುವ ಹೆಣ್ಣುಮಕ್ಕಳಿಬ್ಬರು. ಕೈಯಲ್ಲಿ ಪಿಂಚಣಿಯಿಲ್ಲದ ಕಸುಬು. ಭಟ್ಟರು ವಿಮೆ ಮಾಡಿಸಲು ಹೊರಟಾಗ ಮೊದಲು ಸಿಕ್ಕವರು ಒಬ್ಬ ತರುಣ ಏಜೆಂಟರು. ಅವರು ವರದಿಯನ್ನು ನೋಡಿ, ಮಡಿಸಿ, ಹಿಂದಕ್ಕೆ ಕೊಟ್ಟು, “ಇದನ್ನು ಯಾರಿಗೂ ತೋರಿಸಬೇಡಿ. ‘ಇಲ್ಲ’ ಎಂದು ಬರೆದುಬಿಡೋಣ” ಎಂದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಸಾವಿರ ಮದುವೆಗಳಿಗೆ ಬಡಿಸಿದ ಭಟ್ಟರಿಗೆ ಹೊಸದಾಗಿ ಕಲಿಸಬೇಕೆ? ಆದರೂ ಅವರ ಮನಸ್ಸು ಒಪ್ಪಲಿಲ್ಲ. ನೆರೆಯ ಬೀದಿಯ ಹಿರಿಯ ಏಜೆಂಟರನ್ನು ಕೇಳಲು ಹೋದರು.

ಹಿರಿಯರು ಬಿಡಿಸಿ ಹೇಳಿದರು. 1938ರ ವಿಮಾ ಕಾಯಿದೆಯ 45ನೆಯ ವಿಧಿ, 2015ರಲ್ಲಿ ತಿದ್ದುಪಡಿಯಾದ ಮೇಲೆ, ಪಾಲಿಸಿಗೆ ಮೂರು ವರ್ಷ ತುಂಬಿದ ಬಳಿಕ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸಬಾರದೆನ್ನುತ್ತದೆ. ಆದರೆ ಆ ಮೂರು ವರ್ಷಗಳ ಒಳಗೆ ಅರ್ಜಿಯ ಒಂದೊಂದು ಉತ್ತರವನ್ನೂ ಕೆದಕಿ ನೋಡುವ ಹಕ್ಕು ಸಂಸ್ಥೆಗುಂಟು. ಮುಖ್ಯವಾದ ಸಂಗತಿಯನ್ನು ಮುಚ್ಚಿಟ್ಟಿದ್ದು ತಿಳಿದರೆ ಹಣ ಬಾರದು. ವಂಚನೆಯ ಉದ್ದೇಶವಿರಲಿಲ್ಲವೆಂದಾದರೆ ಕಟ್ಟಿದ ಕಂತುಗಳಾದರೂ ಹಿಂದಿರುಗುತ್ತವೆ. ವಂಚನೆಯೇ ಎಂದು ತೀರ್ಮಾನವಾದರೆ ಅದಕ್ಕೂ ಭರವಸೆಯಿಲ್ಲ. ಮೂರು ವರ್ಷ ಹೇಗೋ ಕಳೆದೀತೆಂದು ಪಣ ಕಟ್ಟಬಹುದು. ಆದರೆ ಯಮಧರ್ಮರಾಯನು ಕಾಯಿದೆಯ ಪುಸ್ತಕವನ್ನು ಓದಿಕೊಂಡು ಬರುವವನಲ್ಲ. “ಆ ಕಾಗದವನ್ನು ಮತ್ತೆ ತೆರೆದು ಓದುವ ದಿನ ನೀವು ಇರುವುದಿಲ್ಲ, ಭಟ್ಟರೆ. ಉತ್ತರ ಹೇಳಬೇಕಾದವರು ನಿಮ್ಮ ಮನೆಯವರು. ಅವರ ಕೈಗೆ ಸುಳ್ಳು ಕಾಗದವನ್ನು ಕೊಟ್ಟು ಹೋಗುತ್ತೀರಾ?” ಎಂದರು.

ಅರ್ಜಿಯಲ್ಲಿ ‘ಹೌದು’ ಎಂದು ಬರೆಯಲಾಯಿತು. ಅದರೊಡನೆ ಉಸಿರಿನ ವರದಿ, ಎದೆಯ ಕ್ಷಕಿರಣ ಚಿತ್ರ, ದಿನವೂ ಸೇದುವ ಔಷಧದ ವಿವರ, ಧೂಮಪಾನವಿಲ್ಲವೆಂಬ ಮಾತು, ನಾಲ್ಕು ತಿಂಗಳ ಹಿಂದೆ ಉಬ್ಬಸ ಉಲ್ಬಣಿಸಿ ಆಸ್ಪತ್ರೆ ಸೇರಿದ್ದ ಸಂಗತಿ, ಎಲ್ಲವೂ ಹೋದವು. ಮೊದಲ ಸಂಸ್ಥೆ ಆ ಆಸ್ಪತ್ರೆಯ ಕಾರಣದಿಂದ ತೀರ್ಮಾನವನ್ನು ಮುಂದಕ್ಕೆ ಹಾಕಿತು. ಇಂಥ ಮುಂದೂಡಿಕೆ ನಿರಾಕರಣೆಯಲ್ಲ. ಕಾಯಿಲೆ ಹತೋಟಿಯಲ್ಲಿ ನಿಂತಿದೆಯೇ ಎಂದು ನೋಡುವ ಕ್ರಮ. ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆ. ಆಮ್ಲಜನಕದ ಆಸರೆಯಲ್ಲಿರುವವರಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿರುತ್ತದೆ. ಸೌಮ್ಯವಾದ ಅಸ್ತಮಾ ಇರುವವರು ಸಾಮಾನ್ಯ ದರಕ್ಕೇ ಒಳಗೆ ಹೋಗುವುದುಂಟು. ನಡುವಿನವರ ಪಾಡು ಭಟ್ಟರ ಪಾಡು. ಮತ್ತೆ ಕೆಲವು ತಿಂಗಳು ಕಾದು, ಮೊದಲಿನ ಮುಂದೂಡಿಕೆಯನ್ನೂ ಬಚ್ಚಿಡದೆ ಬರೆದು, ಇನ್ನೊಂದು ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಚ್ಚಿನ ಕಂತಿನ ಮೇಲೆ ಒಪ್ಪಿಗೆ ಬಂತು.

ಕಂತಿನ ಮೊತ್ತವನ್ನು ಕೇಳಿ ಮನೆಯಾಕೆ, “ಮೂಗಿಗಿಂತ ಮೂಗುತಿ ಭಾರವಾಯಿತಲ್ಲ!” ಎಂದರು. ಒಂದು ಕಾಲದಲ್ಲಿ ಭಾರತೀಯರಾಗಿ ಹುಟ್ಟಿದ ತಪ್ಪಿಗೇ ಹೆಚ್ಚು ಕಂತು ತೆರಬೇಕಿತ್ತು. 1870ರಲ್ಲಿ ಆರಂಭವಾದ ಬಾಂಬೆ ಮ್ಯೂಚುಯಲ್ ಸಂಸ್ಥೆ ನಮ್ಮವರ ಜೀವಕ್ಕೂ ಸಾಮಾನ್ಯ ದರವನ್ನೇ ಗೊತ್ತುಮಾಡಿತು. ಅಂದಿನ ಹೆಚ್ಚಳ ಅವಮಾನ. ಭಟ್ಟರ ಹೆಚ್ಚಳ ಬರಿಯ ಲೆಕ್ಕ. ಭಾರ ತಗ್ಗಬೇಕಾದರೆ ವಿಮೆಯ ಮೊತ್ತವನ್ನೇ ತಗ್ಗಿಸಬಹುದು. ಮಕ್ಕಳ ಓದು ಮುಗಿಯುವವರೆಗೆ ಬೇಕಾದಷ್ಟು ಮಾತ್ರ ಇರಲೆಂದು ದಂಪತಿಗಳು ನಿಶ್ಚಯಿಸಿದರು.

ಹಿರಿಯರು ತಮಗೆ ಕಾಸಿನ ಲಾಭವೂ ಇಲ್ಲದ ಇನ್ನೊಂದು ದಾರಿಯನ್ನೂ ತೋರಿಸಿದರು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ 18ರಿಂದ 50 ವರ್ಷದೊಳಗಿನವರು ಬ್ಯಾಂಕಿನ ಖಾತೆಯ ಮೂಲಕ ಸೇರಬಹುದು, ಅಲ್ಲಿ ವೈದ್ಯಪರೀಕ್ಷೆಯಿಲ್ಲ. ವರ್ಷಕ್ಕೆ 436 ರೂಪಾಯಿ ಕಂತು, ಎರಡು ಲಕ್ಷ ರೂಪಾಯಿ ವಿಮೆ. ಹೊಸದಾಗಿ ಸೇರಿದವರು ಮೊದಲ 30 ದಿನಗಳಲ್ಲಿ ಅಪಘಾತವಲ್ಲದೆ ಬೇರೆ ಕಾರಣದಿಂದ ತೀರಿಕೊಂಡರೆ ಹಣವಿಲ್ಲ. ನೌಕರಿಯಲ್ಲಿದ್ದು ಭವಿಷ್ಯನಿಧಿಗೆ ಸೇರಿದವರಿಗಾದರೆ 1976ರ ಠೇವಣಿ ಸಂಬಂಧಿತ ವಿಮೆಯೂ ಉಂಟು. ಅದರ ಕಂತನ್ನು ನೌಕರ ಕಟ್ಟಬೇಕಾಗಿಲ್ಲ, ಅವನ ಎದೆಗೆ ಯಾರೂ ಸ್ಟೆತಸ್ಕೋಪನ್ನು ಇಡುವುದೂ ಇಲ್ಲ. ಭಟ್ಟರಿಗೆ ನೌಕರಿಯಿಲ್ಲ, ಖಾತೆಯಿತ್ತು. ಮಾರನೆಯ ದಿನವೇ ಬ್ಯಾಂಕಿಗೆ ಹೋಗಿ ಸಹಿ ಹಾಕಿ ಬಂದರು.

ಈಗ ಭಟ್ಟರ ತಂಡದಲ್ಲಿ ಸೌದೆಯ ಒಲೆಯಿಲ್ಲ. ಗ್ಯಾಸಿನ ಒಲೆಯಿರುವ ಛತ್ರದ ಕೆಲಸವನ್ನಷ್ಟೇ ಒಪ್ಪುತ್ತಾರೆ. ಕೆಟ್ಟ ಶ್ವಾಸಕೋಶವನ್ನು ವಿಮೆ ಸರಿಮಾಡದು. ಆದರೆ ವಿಮೆಗಾಗಿ ಎರಡನೆಯ ಬಾರಿ ಊದಿದ ದಿನ ಅಂಕಿ 62ರಲ್ಲಿಯೇ ನಿಂತಿದ್ದುದನ್ನು ವೈದ್ಯರು ತೋರಿಸಿದಾಗ, ಇಳಿಯದೆ ನಿಲ್ಲುವುದೂ ಗೆಲವೇ ಎಂಬುದು ಅವರಿಗೆ ಅರ್ಥವಾಯಿತು. ಜೊತೆಗೆ ಹೊಗೆಯುಂಡ ಇಬ್ಬರು ಸಹಾಯಕರನ್ನು, ಅವರಿಗಿನ್ನೂ ಏದುಸಿರು ಹತ್ತುವ ಮೊದಲೇ, ಮುಂದಿನ ವಾರ ಅದೇ ಯಂತ್ರದ ಮುಂದೆ ಕರೆತಂದು ಕೂರಿಸಿದರು.