ಹೊಸ ತೊಟ್ಟಿ, ಹಳೆಯ ಮರಳು

ಕಡಲಮೀನುಗಳನ್ನು ಸಾಕುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 100 ಲೀಟರಿನ ತೊಟ್ಟಿಯಿಂದ 400 ಲೀಟರಿನದಕ್ಕೆ ಅವನ್ನು ಸಾಗಿಸುವ ಸಿದ್ಧತೆಯಲ್ಲಿದ್ದ. ಏಳು ವರ್ಷ ಸಾಕಿದ ಜೋಡಿ ಕ್ಲೌನ್ ಮೀನುಗಳ ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆಗಳು ಮೂಡಿದ್ದವು. "ದೊಡ್ಡ ಮನೆಗೆ ಹೋದರೆ ರೋಗವೂ ಹೋಗುತ್ತದಲ್ಲವೇ ಸಾರ್?" ಎಂದು ಕೇಳಿದ.

ಹೋಗುವುದಿಲ್ಲ. ಕ್ರಿಪ್ಟೊಕಾರಿಯಾನ್ ಎಂಬ ಆ ಏಕಕೋಶ ಜೀವಿ ಮೀನಿನ ಚರ್ಮ, ಕಿವಿರುಗಳಲ್ಲಿ ಕೆಲವು ದಿನ ಉಂಡು ಬೆಳೆದು, ಕಳಚಿಕೊಂಡು, ಮರಳು ಕಲ್ಲುಗಳ ಮೇಲೆ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಆಗ ಚುಕ್ಕೆಗಳು ಮಾಯವಾಗುತ್ತವೆ, ಸಾಕಿದವನು ಹಿಗ್ಗುತ್ತಾನೆ! ಕವಚದೊಳಗೆ ಒಂದು ನೂರಾರಾಗಿ ಒಡೆದು ಹೊರಬಿದ್ದು ಮೀನನ್ನು ಅರಸುತ್ತದೆ. ಒಂದೆರಡು ದಿನಗಳಲ್ಲಿ ಮೀನು ಸಿಗದ ಮರಿಗಳು ಸಾಯುತ್ತವೆ. ಹಳೆಯ ಮರಳನ್ನು ಹೊಸ ತೊಟ್ಟಿಗೆ ಸುರಿದರೆ ರೋಗವನ್ನೇ ಸುರಿದಂತೆ.

ತಾಮ್ರದ ಔಷಧ ಈ ಪರಾವಲಂಬಿಯನ್ನು ಕೊಲ್ಲುತ್ತದೆ, ಹವಳ ಸೀಗಡಿಗಳನ್ನೂ ಕೊಲ್ಲುತ್ತದೆ. ಆದುದರಿಂದ ಮೀನುಗಳಿಗೆ ಬೇರೊಂದು ಬರಿಯ ತೊಟ್ಟಿಯಲ್ಲಿ, ತಾಮ್ರದ ಪ್ರಮಾಣವನ್ನು ದಿನವೂ ಅಳೆಯುತ್ತ ಚಿಕಿತ್ಸೆ ನಡೆಯಬೇಕು. ಬಲೆ, ಬಕೆಟ್ಟುಗಳೂ ಬೇರೆಯೇ ಇರಬೇಕು. ಕವಚ ಒಡೆಯಲು 72 ದಿನ ಹಿಡಿದುದೂ ಉಂಟಾದ್ದರಿಂದ ದೊಡ್ಡ ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡುವುದು ಬಲ್ಲವರ ರೂಢಿ.

"ಅಷ್ಟು ದಿನ ಬರೀ ನೀರು ನೋಡುತ್ತ ಕೂರಲೇ?" ಎಂದು ಗೊಣಗಿದವನು ಕೂತಿದ್ದಾನೆ. ಇಂದಿಗೆ 41 ದಿನ.