ಹೆಜ್ಜಾರ್ಲೆಗಳ ತವರಿನಲ್ಲಿ

ಬೆಂಗಳೂರಿನಿಂದ ಮೈಸೂರಿನ ಹಳೆಯ ರಸ್ತೆ ಹಿಡಿದು, ಚನ್ನಪಟ್ಟಣದ ಬೊಂಬೆ ಅಂಗಡಿಗಳನ್ನು ದಾಟಿದ ಮೇಲೆ ರುದ್ರಾಕ್ಷಿಪುರ ಎಂಬ ಊರು ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಿ ಸುಮಾರು 12 ಕಿಲೋಮೀಟರ್ ಒಳಗೆ ಹೋದರೆ ಕೊಕ್ಕರೆಬೆಳ್ಳೂರು. ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು. ದಾರಿಯುದ್ದಕ್ಕೂ ಕಬ್ಬಿನ ಗದ್ದೆ, ಹಿಪ್ಪುನೇರಳೆ ತೋಟ, ಎದುರಿಗೆ ಬರುವ ಕಬ್ಬಿನ ಗಾಡಿ. ಊರು ಹತ್ತಿರವಾಯಿತು ಎಂದು ಹೇಳುವುದು ಬೋರ್ಡಲ್ಲ. ತಲೆಯ ಮೇಲೆ ದೊಡ್ಡ ರೆಕ್ಕೆಗಳ ನೆರಳು ಹಾದುಹೋಗುತ್ತದೆ, ನೀವು ತಲೆ ಎತ್ತಿ ನೋಡುತ್ತೀರಿ, ಅಷ್ಟೆ.

ಮೊದಲು ಈ ಊರು ಬರೀ ಬೆಳ್ಳೂರು. ಕೊಕ್ಕರೆಗಳು ಬಂದು ಬಂದು ಊರಿನ ಹೆಸರಿನ ಮುಂದೆ ಕುಳಿತುಬಿಟ್ಟಿವೆ. ಹಿಂದೆ ಊರು ಶಿಂಷಾ ನದಿಯ ದಡಕ್ಕೆ ಇನ್ನೂ ಹತ್ತಿರವಿತ್ತಂತೆ. ಪ್ಲೇಗ್ ಬಂದು ಜನ ಜಾಗ ಬದಲಿಸಿದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದು ಹೊಸ ಊರಿನ ಮರಗಳಲ್ಲಿ ಗೂಡು ಕಟ್ಟಿದವು ಎಂದು ಹಿರಿಯರು ಹೇಳುತ್ತಾರೆ. ರಂಗನತಿಟ್ಟಿನಲ್ಲಿ ಹಕ್ಕಿಗಳನ್ನು ನೋಡಬೇಕಾದರೆ ದೋಣಿ ಹತ್ತಬೇಕು. ಇಲ್ಲಿ ಅವು ಮನೆಯ ಹಿತ್ತಲಿನ ಹುಣಸೆ ಮರದಲ್ಲಿ, ಬೀದಿಯ ಆಲದ ಮರದಲ್ಲಿ, ಎಮ್ಮೆ ಕಟ್ಟಿದ ಗೂಟದ ಮೇಲುಗಡೆ ಸಂಸಾರ ಮಾಡುತ್ತವೆ.

ನಾವು ಹೋದದ್ದು ಫೆಬ್ರುವರಿಯ ಒಂದು ಭಾನುವಾರ. ನಾನು, ಮೂರನೇ ತರಗತಿಯ ಮಗಳು ಮತ್ತು ನಮ್ಮತ್ತೆ. ಅತ್ತೆಯವರಿಗೆ ಮೊಮ್ಮಗಳ ನಡೆನುಡಿಯ ಬಗ್ಗೆ ಬಹಳ ಕಾಳಜಿ. ಕಾರು ಬಿಡದಿ ದಾಟುವುದರೊಳಗೆ ಪಾಠ ಮುಗಿದಿತ್ತು: ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಡಬೇಕು, ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು. ಮಗಳು ಕಿಟಕಿಯಾಚೆ ನೋಡುತ್ತ ಹೂಂ, ಹೂಂ ಅನ್ನುತ್ತಿದ್ದಳು. ಅವಳ ಶಾಲೆಯಲ್ಲಿ ಕಲಿಸುವುದು ಪ್ಲೀಸ್, ಥ್ಯಾಂಕ್ಯೂ, ಸಾರಿ. ಅತ್ತೆಯವರಿಗೆ ಅವುಗಳ ಮೇಲೆ ಅಷ್ಟು ನಂಬಿಕೆಯಿಲ್ಲ. ನಮ್ಮ ಕನ್ನಡದಲ್ಲಿ ದಿನಬಳಕೆಗೆ ಆ ಮಾತುಗಳಿಗೆ ಸರಿಯಾದ ಜೋಡಿಯೂ ಇಲ್ಲವಲ್ಲ. ‘ನೀರು ಕೊಡು’ ಎನ್ನುವುದಕ್ಕೂ ‘ಒಂಚೂರು ನೀರು ಕೊಡ್ತೀರಾ’ ಎನ್ನುವುದಕ್ಕೂ ಇರುವ ವ್ಯತ್ಯಾಸದಲ್ಲೇ ನಮ್ಮ ಪ್ಲೀಸ್ ಅಡಗಿ ಕುಳಿತಿರುತ್ತದೆ. ಮಕ್ಕಳಿಗೆ ಅದನ್ನು ಪಟ್ಟಿ ಮಾಡಿ ಕಲಿಸುವುದು ಹೇಗೆಂದು ನನಗಂತೂ ಗೊತ್ತಿಲ್ಲ.

ಊರೊಳಗೆ ಕಾರು ನಿಲ್ಲಿಸಿ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯಿತು. ಸಣ್ಣ ವಾಸನೆಯೇನಲ್ಲ. ನೂರಾರು ದೊಡ್ಡ ಹಕ್ಕಿಗಳು ಮೀನು ತಿಂದು ಮರದ ಮೇಲಿಂದ ಹಾಕುವ ಹಿಕ್ಕೆಯ ವಾಸನೆ, ಜೊತೆಗೆ ಮರಿಗಳ ಬಾಯಿಂದ ಜಾರಿಬಿದ್ದ ಮೀನು. ಮರದ ಬುಡವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಮೇಲೆ ಕಿರಿಚಾಟವೋ ಕಿರಿಚಾಟ.

ಹುಣಸೆ ಮರದ ಪಕ್ಕದ ಹೆಂಚಿನ ಮನೆಯ ಜಗಲಿಯ ಮೇಲೆ ಅಜ್ಜಿಯೊಬ್ಬರು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ನಾವು ನಿಂತು ಮೇಲೆ ನೋಡುತ್ತಿದ್ದುದನ್ನು ಕಂಡು, ‘ಬಿಸ್ಲಲ್ಲಿ ಯಾಕ್ ನಿಂತಿದ್ದೀರಿ, ಬನ್ನಿ, ಕುಂತ್ಕಳಿ’ ಎಂದು ಕರೆದರು. ಪರಿಚಯವಿಲ್ಲ, ಹೆಸರು ಕೇಳಲಿಲ್ಲ. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು. ಮಗಳು ಎರಡೂ ಕೈ ಚಾಚಿ ಚೊಂಬು ತೆಗೆದುಕೊಂಡಳು. ಅತ್ತೆಯವರ ಮುಖ ಅರಳಿತು. ಮರುಗಳಿಗೆಯಲ್ಲೇ ಅವಳು ಚೊಂಬು ಕೆಳಗಿಟ್ಟು, ಮೂಗು ಹಿಡಿದುಕೊಂಡು, ‘ಅಮ್ಮಾ, ಇಲ್ಲಿ ತುಂಬಾ ವಾಸನೆ, ವಾಂತಿ ಬರ್ತಿದೆ’ ಎಂದುಬಿಟ್ಟಳು.

ಅತ್ತೆಯವರು ಕಣ್ಣು ದೊಡ್ಡದು ಮಾಡಿದರು. ನಾನು ಬಾಯಿ ತೆರೆಯುವುದರೊಳಗೆ ಅಜ್ಜಿಯೇ ನಕ್ಕುಬಿಟ್ಟರು.

‘ಬಾಣಂತಿ ಕ್ವಾಣೆ ಅಂದ್ಮೇಲೆ ವಾಸ್ನೆ ಇಲ್ದೆ ಇದ್ದಾತಾ ಮಗ? ನೀ ಹುಟ್ದಾಗ ನಿಮ್ಮವ್ವನ ಸೀರೆ ಮಲ್ಲಿಗೆ ಹೂವಿನಂಗೆ ಘಮ್ ಅಂತಿತ್ತಾ, ಕೇಳು.’

ಮಗಳು ನನ್ನ ಕಡೆ ನೋಡಿದಳು. ಇಲ್ಲ ಎಂದು ತಲೆಯಾಡಿಸಿದೆ. ಅವಳಿಗೆ ನಗು ಬಂತು, ಮೂಗು ಬಿಟ್ಟಳು.

ಬಾಣಂತಿ ಎಂದದ್ದು ಬರೀ ತಮಾಷೆಗಲ್ಲ. ಈ ಊರಿನವರು ಹಕ್ಕಿಗಳನ್ನು ತವರಿಗೆ ಹೆರಿಗೆಗೆ ಬರುವ ಹೆಣ್ಣುಮಕ್ಕಳು ಎಂದೇ ಹೇಳುವುದು. ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಹೆಜ್ಜಾರ್ಲೆಗಳು ಬರಲಾರಂಭಿಸುತ್ತವೆ, ಅವುಗಳ ಹಿಂದೆ ಬಣ್ಣದ ಕೊಕ್ಕರೆಗಳು. ಕಡ್ಡಿ ಕಡ್ಡಿ ಆರಿಸಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಸುಮಾರು ಒಂದು ತಿಂಗಳು ಗಂಡು ಹೆಣ್ಣು ಇಬ್ಬರೂ ಸರದಿಯಲ್ಲಿ ಕಾವು ಕೊಟ್ಟು, ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಬೇಸಿಗೆಯ ಕೊನೆಗೆ ಊರು ಬಿಡುತ್ತವೆ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನ, ಬಾರದಿದ್ದರೆ ಏನೋ ಕೊರತೆ ಎಂಬ ನಂಬಿಕೆ ಇಲ್ಲಿನದು.

ಹೆಜ್ಜಾರ್ಲೆಯನ್ನು ಹತ್ತಿರದಿಂದ ನೋಡದ ಮಕ್ಕಳಿಗಾಗಿ ಒಂದೆರಡು ಮಾತು. ಬೂದು ಬಿಳಿ ಮೈ, ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಮೀಟರಿಗೂ ಹೆಚ್ಚು. ಮೇಲ್ಕೊಕ್ಕಿನ ಅಂಚಿನಲ್ಲಿ ಸಾಲಾಗಿ ಚುಕ್ಕೆಗಳು, ಕೊಕ್ಕಿನ ಕೆಳಗೆ ಜೋತುಬೀಳುವ ಚರ್ಮದ ಚೀಲ. ಆ ಚೀಲದಲ್ಲಿ ಮೀನು ಹೊತ್ತು ತರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹೊರುವ ಚೀಲವಲ್ಲ, ಹಿಡಿಯುವ ಬಲೆ. ನೀರಿನೊಂದಿಗೆ ಮೀನನ್ನು ಬಾಚಿಕೊಂಡು, ನೀರನ್ನು ಹೊರಕ್ಕೆ ಬಸಿದು, ಮೀನನ್ನು ನುಂಗುತ್ತದೆ. ಗೂಡಿಗೆ ಬಂದ ಮೇಲೆ ಮರಿ ತನ್ನ ತಲೆಯನ್ನೇ ತಾಯಿಯ ಗಂಟಲೊಳಗೆ ತೂರಿಸಿ ಮೀನು ತಿನ್ನುತ್ತದೆ. ಅದನ್ನು ಕಂಡು ನನ್ನ ಮಗಳು ‘ತಾಯೀನೇ ಮರೀನ ತಿಂತಿದೆ!’ ಎಂದು ಕೂಗಿದಳು. ಇನ್ನೊಂದು ವಿಚಿತ್ರವೆಂದರೆ ಅಷ್ಟೆಲ್ಲ ಗಲಾಟೆ ಮಾಡುವುದು ಮರಿಗಳು. ದೊಡ್ಡ ಹೆಜ್ಜಾರ್ಲೆ ಹೆಚ್ಚುಕಡಿಮೆ ಮೌನಿ, ಬಣ್ಣದ ಕೊಕ್ಕರೆಯೂ ಕೊಕ್ಕನ್ನು ಕಟಕಟ ಬಡಿಯುತ್ತದೆಯೇ ಹೊರತು ಕೂಗುವುದು ಅಪರೂಪ. ‘ನಮ್ಮ ಮನೇಲೂ ಹಂಗೇ’ ಎಂದರು ಅತ್ತೆ.

ವಾಸನೆಯ ಮಾತು ಅಲ್ಲಿಗೆ ಮುಗಿಯಲಿಲ್ಲ. ಬೀದಿಯಲ್ಲಿ ನಡೆಯುವಾಗ ಮಗಳು ಕೇಳಿದಳು: ‘ವಾಸನೆ ಇದ್ದದ್ದು ನಿಜ ತಾನೆ? ಸುಳ್ಳು ಹೇಳಬಾರದು ಅಂತ ನೀವೇ ಹೇಳ್ತೀರಿ. ಮತ್ತೆ ಅಜ್ಜಿ ಯಾಕೆ ನನ್ನ ಗುರಾಯಿಸಿದ್ದು?’

ಮಕ್ಕಳನ್ನು ಬೆಳೆಸುವವರಿಗೆಲ್ಲ ಎದುರಾಗುವ ಪ್ರಶ್ನೆ ಇದು. ನಿಜ ಹೇಳು ಎನ್ನುತ್ತೇವೆ, ಆಮೇಲೆ ನೆಂಟರ ಮನೆಯ ಉಪ್ಪಿಟ್ಟಿನಲ್ಲಿ ಉಪ್ಪಿಲ್ಲ ಎಂದರೆ ತೊಡೆ ಚಿವುಟುತ್ತೇವೆ. ನಾನು ಉತ್ತರ ಹುಡುಕುತ್ತಿದ್ದೆ. ಅತ್ತೆ ತಡಮಾಡಲಿಲ್ಲ. ‘ಮೂಗು ನಿಂದು, ಮನೆ ಅವರದು. ಅವರು ದಿನಾ ಅಲ್ಲೇ ಉಣ್ಣುತ್ತಾರೆ. ಆಗಲ್ಲ ಅನ್ನಿಸಿದ್ರೆ ಅಮ್ಮನ ಕಿವೀಲಿ ಹೇಳು, ಸ್ವಲ್ಪ ಆಚೆ ಕರ್ಕೊಂಡು ಹೋಗ್ತಾಳೆ.’ ಮಗಳು ಅದನ್ನು ಒಪ್ಪಿದಳೋ ಇಲ್ಲವೋ, ಆದರೆ ನಾಲ್ಕು ಹೆಜ್ಜೆ ನಡೆದು ನನ್ನ ಕಿವಿಯಲ್ಲಿ ‘ಇಲ್ಲೂ ಇದೆ’ ಎಂದಳು.

ಅಷ್ಟರಲ್ಲಿ ಆಲದ ಮರದ ಕೆಳಗೆ ಒಂದು ದೊಡ್ಡ ಕಾರು ಬಂದು ನಿಂತಿತು. ಕ್ಯಾಮೆರಾ ಹಿಡಿದ ನಾಲ್ಕು ಜನ ಇಳಿದರು. ಹಕ್ಕಿಗಳು ಸುಮ್ಮನೆ ಕೂತಿದ್ದವು, ಇವರಿಗೆ ಹಾರುವ ಚಿತ್ರ ಬೇಕಿತ್ತು. ಒಬ್ಬರು ಜೋರಾಗಿ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಹಾರನ್ ಹೊಡೆದರು. ಮರದ ಮೇಲೆ ಕಲರವ ಎದ್ದಿತು.

ಗೋಲಿ ಆಡುತ್ತಿದ್ದ ಹುಡುಗನೊಬ್ಬ, ಹತ್ತು ವರ್ಷ ಇರಬಹುದು, ಎದ್ದು ಚಡ್ಡಿಗೆ ಕೈ ಒರೆಸಿಕೊಂಡು ಅವರ ಹತ್ತಿರ ಹೋದ. ಕೂಗಲಿಲ್ಲ, ದೂರದಿಂದ ಬೈಯಲಿಲ್ಲ.

‘ಅಣ್ಣಾ, ಹಂಗ್ ಮಾಡ್ಬೇಡಿ. ಬಣ್ಣದ ಕೊಕ್ರೆ ಮೊಟ್ಟೆ ಮ್ಯಾಲೆ ಕುಂತವೆ. ಎದ್ದೋದ್ರೆ ಕಾಗೆ ಬಂದು ತಿನ್ಕತವೆ. ಮರಿ ಬೆದರ್ಕಂಡು ಕೆಳಕ್ ಬಿದ್ದೋಯ್ತವೆ. ಒಸಿ ಹೊತ್ತು ಕುಂತ್ಕಳಿ, ಮೀನ್ ತರಕ್ಕೋಗಿರೋವು ಈಗ ಬತ್ತವೆ. ಆಗ ತಗೀರಿ.’

ಅಪ್ಪನ ವಯಸ್ಸಿನ ಮನುಷ್ಯನಿಗೆ ‘ಅಣ್ಣಾ’ ಎಂದು ಶುರುಮಾಡಿ, ಬೇಡ ಎನ್ನುವುದನ್ನು ಹೇಳಿ, ಯಾಕೆ ಬೇಡ ಎಂಬುದನ್ನೂ ಹೇಳಿ, ಕೊನೆಗೆ ಅವರಿಗೆ ಬೇಕಾದ ಚಿತ್ರ ಸಿಗುವ ದಾರಿಯನ್ನೂ ತೋರಿಸಿದ್ದ. ನಾನು ಕೆಲಸ ಮಾಡಿದ ಕಡೆಗಳಲ್ಲಿ ದೊಡ್ಡ ದೊಡ್ಡವರಿಗೇ ಈ ನಾಲ್ಕು ಒಟ್ಟಿಗೆ ಬಂದದ್ದನ್ನು ಹೆಚ್ಚು ಕಂಡಿಲ್ಲ. ಚಪ್ಪಾಳೆ ತಟ್ಟಿದವರು ‘ಆಯ್ತಪ್ಪಾ, ಗೊತ್ತಿರಲಿಲ್ಲ’ ಎಂದು ಕ್ಯಾಮೆರಾ ಇಳಿಸಿ ಕಟ್ಟೆಯ ಮೇಲೆ ಕೂತರು. ಹಾರನ್ ಹೊಡೆದವರು ಮಾತ್ರ ಏನೋ ಗೊಣಗುತ್ತ ಕಾರೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹುಡುಗ ಗೋಲಿಗೆ ಮರಳಿದ. ಕಾಲು ಗಂಟೆಯಲ್ಲಿ ಅವನು ಹೇಳಿದಂತೆಯೇ ಆರು ಹೆಜ್ಜಾರ್ಲೆಗಳು ಸಾಲಾಗಿ ಬಂದು ಇಳಿದವು.

ಮಗಳಿಗೆ ಬೇರೆಯದೇ ಅನುಮಾನ. ಅದೇ ಹುಡುಗ ಆಮೇಲೆ ಜಗಲಿಯ ಅಜ್ಜಿಗೆ ‘ಅವ್ವಾ, ನೀ ಒಳಿಕ್ ಬಾ, ಉಣ್ಣಕ್ಕಿಕ್ಕು’ ಎನ್ನುವುದನ್ನು ಕೇಳಿ, ‘ಅವನು ಅಜ್ಜೀನ ನೀನು ಅಂತಾನೆ, ಮರ್ಯಾದೆ ಇಲ್ಲ’ ಎಂದಳು. ‘ನೀನು ನನ್ನ ಏನಂತೀಯ?’ ಎಂದು ಕೇಳಿದೆ. ಯೋಚಿಸಿದಳು. ‘ನೀನು ಅಂತೀನಿ’. ‘ಅಪ್ಪನ್ನ?’ ‘ಅಪ್ಪನ್ನೂ.’ ಆಮೇಲೆ ಅತ್ತೆಯ ಕಡೆ ತಿರುಗಿ, ‘ಅಜ್ಜೀನ ಮಾತ್ರ ನೀವು’ ಎಂದಳು. ಅತ್ತೆಯವರು ಏನೂ ಅನ್ನಲಿಲ್ಲ. ಆ ಮಾತು ಅವರಿಗೆ ಹಿತವಾಯಿತೋ, ಎಲ್ಲೋ ಸ್ವಲ್ಪ ಚುಚ್ಚಿತೋ ತಿಳಿಯಲಿಲ್ಲ.

ಈ ಊರು ಹೊರಗಿನವರ ಕಣ್ಣಿಗೆ ಬಿದ್ದದ್ದು 1976ರಲ್ಲಿ, ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳರು ಇಲ್ಲಿಗೆ ಬಂದು ಹೆಜ್ಜಾರ್ಲೆಗಳ ಬಗ್ಗೆ ಬರೆದ ಮೇಲೆ. ಬೆಂಗಳೂರಿನ ಅಜ್ಜ ಅಜ್ಜಿಯರಿಗೆ ಅವರ ಹೆಸರು ನೆನಪಿರಬಹುದು, ಎಂಬತ್ತರ ದಶಕದಲ್ಲಿ ನಗರದ ಬೀದಿಗಳಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದವರು ಅವರೇ. ಆಮೇಲೆ ಮೈಸೂರಿನ ಪಕ್ಷಿಪ್ರಿಯರ ಜೊತೆ ಸೇರಿ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ಹಾರುವವರೆಗೆ ಸಾಕಿದರು. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಜನರನ್ನು ಎಬ್ಬಿಸದೆ, ಜನರ ಕೈಯಲ್ಲೇ ಹಕ್ಕಿಗಳನ್ನು ಕಾಯುವ ಏರ್ಪಾಡು ಅದು.

ಕೇಳಲು ಚೆಂದ. ಆದರೆ ಅತಿಥಿ ಸತ್ಕಾರಕ್ಕೆ ಖರ್ಚಿದೆ. ಮಧ್ಯಾಹ್ನ ಮತ್ತೆ ಆ ಜಗಲಿಗೆ ಬಂದಾಗ ಅಜ್ಜಿಯೇ ಲೆಕ್ಕ ಬಿಡಿಸಿದರು. ಹುಣಸೆಹಣ್ಣು ಆಗುವುದು ಮಾಘ, ಫಾಲ್ಗುಣದಲ್ಲಿ. ಹಕ್ಕಿಗಳ ಗೂಡಿರುವುದೂ ಆಗಲೇ. ಮರ ಹತ್ತಿ ಕೊಂಬೆ ಬಡಿಯುವಂತಿಲ್ಲ. ಹಿಕ್ಕೆ ಬಿದ್ದು ಕಾಯಿ ಹಾಳು. ಅರಣ್ಯ ಇಲಾಖೆ ಮರಕ್ಕೆ ಇಷ್ಟು ಎಂದು ಪರಿಹಾರ ಕೊಡುತ್ತದೆ, ಆದರೆ ‘ಹಣ್ಣು ಮಾರಿದ್ರೆ ಬರೋವಷ್ಟು ಎಲ್ಲಿ ಬತ್ತದೆ?’ ಹಿಕ್ಕೆಯನ್ನು ಗುಂಡಿಯಲ್ಲಿ ಕೆರೆಗೋಡಿನ ಜೊತೆ ಕಲಸಿ ಗೊಬ್ಬರ ಮಾಡುತ್ತಾರೆ, ಹೊಲಕ್ಕೆ ಒಳ್ಳೆಯದು. ಬಟ್ಟೆ ಒಣಗಹಾಕಲು ಜಾಗ ನೋಡಬೇಕು. ಮೊದಲಿದ್ದಷ್ಟು ದೊಡ್ಡ ಮರಗಳೂ ಈಗಿಲ್ಲ.

‘ದೊಡ್ ಮಗ ಬೆಂಗ್ಳೂರಲ್ಲವ್ನೆ. ಈ ಮರ ತೆಗ್ದು ತಾರಸಿ ಮನೆ ಕಟ್ಟಾಣ ಅಂತಾನೆ. ಅವಂದೂ ತಪ್ಪಲ್ಲ, ಮೂರ್ ಜನ ಮೊಮ್ಮಕ್ಳು, ಮಲಗಾಕೆ ಜಾಗ ಬ್ಯಾಡ್ವಾ. ನಾನಿರಗಂಟ ಬ್ಯಾಡ ಅಂದಿವ್ನಿ. ಬಸುರಿ ಹೆಂಗ್ಸು ಬಾಗ್ಲಿಗ್ ಬಂದ್ರೆ ಕದ ಹಾಕಾಕಾಯ್ತದಾ?’

‘ಆಮೇಲೆ?’ ಎಂದಳು ಮಗಳು.

ನಡುವೆ ಬಾಯಿ ಹಾಕಿದ್ದಳು. ಅತ್ತೆಯವರು ಈ ಸಲ ಕಣ್ಣು ಬಿಡಲಿಲ್ಲ. ಅವರಿಗೂ ಅದೇ ಕೇಳಬೇಕಿತ್ತೇನೋ.

ಅಜ್ಜಿ ಗೋಲಿ ಆಡುತ್ತಿದ್ದ ಮೊಮ್ಮಗನ ಕಡೆ ಕತ್ತು ತಿರುಗಿಸಿದರು. ‘ಅವ್ನು ಬ್ಯಾಡ ಅಂತಾನೆ. ಅವರಪ್ಪ ಬೇಕು ಅಂತಾನೆ. ನೋಡ್ಬೇಕು.’

ಹೊರಡುವ ಹೊತ್ತಿಗೆ ಒಂದು ಹಿಡಿ ಹುಣಸೆಹಣ್ಣು ಕಾಗದದಲ್ಲಿ ಕಟ್ಟಿ ಮಗಳ ಕೈಗಿಟ್ಟರು, ಹಕ್ಕಿ ಕೂರದ ಹೊಲದ ಮರದ್ದಂತೆ. ದುಡ್ಡು ಕೊಡಲು ಹೋದ ನನ್ನ ಕೈಯನ್ನು ಅತ್ತೆಯವರು ತಡೆದು, ತಮ್ಮ ಚೀಲದಿಂದ ನಾವು ತಂದಿದ್ದ ಬಾಳೆಹಣ್ಣಿನ ಚಿಪ್ಪು ತೆಗೆದು ಜಗಲಿಯ ಮೇಲಿಟ್ಟರು. ಎರಡೂ ಕಡೆ ಸರಿಹೋಯಿತು.

‘ಹೋಗಿ ಬರ್ತೀನಿ ಅಜ್ಜಿ’ ಎಂದಳು ಮಗಳು, ಕಲಿಸಿದ್ದನ್ನು ಒಪ್ಪಿಸುವ ದನಿಯಲ್ಲಿ.

‘ಬಾ ಮಗ. ಯಾವಾಗ್ ಬತ್ತೀಯ?’

ಬರಬೇಕಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ. ನನ್ನ ಮುಖ ನೋಡಿ, ಬೆರಳು ಮಡಿಸಿ, ‘ದಸರಾ ರಜಕ್ಕೆ’ ಎಂದಳು.

‘ಆವಾಗ ಹಕ್ಕಿ ಇರಾಕಿಲ್ಲ ಕಣವ್ವ, ಬರೀ ನಾನಿರ್ತೀನಿ. ಸಂಕ್ರಾಂತಿ ಕಳ್ಕೊಂಡು ಬಾ.’

ಕಾರಿನಲ್ಲಿ ಅವಳು ಸಂಕ್ರಾಂತಿಗೆ ಎಷ್ಟು ತಿಂಗಳು ಎಂದು ಲೆಕ್ಕ ಹಾಕಿದಳು. ಹನ್ನೊಂದು. ದಸರಾಕ್ಕೆ ಎಂಟೇ. ಹಕ್ಕಿ ಇಲ್ಲದಿದ್ದರೂ ಪರವಾಗಿಲ್ಲ, ಮರ ಇದೆಯೋ ಇಲ್ಲವೋ ನೋಡಬಹುದಲ್ಲ ಎಂದಳು. ಮದ್ದೂರಿನಲ್ಲಿ ನಿಲ್ಲಿಸಿ ವಡೆ ತಿಂದೆವು.